ಎಚಿಂಗ್ ಅಂದ್ರ ನಕಲು ಅಲ್ಲರಿ, ಒಮ್ಮೆ ಕೈಯಾಗ ಹಿಡದು ನೋಡ್ರಿ

ಮಾನ್ಯ ಸಂಪಾದಕರೆ,

ಹೋದ ರವಿವಾರದ ಪುರವಣಿದಾಗ ನೀವು ಸ್ಪೇನಿನ ಕಲಾವಿದ ಗೋಯಾನ ಚಿತ್ರ ಹಾಕಿದ್ದು ನೋಡಿ ನನಗ ಎಷ್ಟು ಖುಷಿ ಆತು ಅಂದ್ರ, ಮುಂದಿಟ್ಟಿದ್ದ ಚಹಾ ಆರಿ ತಣ್ಣಗಾತು ಆದ್ರೂ ಪೇಪರ್ ಕೆಳಗ ಇಡಲಿಲ್ಲ. ಟೇಬಲ್ ಮ್ಯಾಲ ತಲಿ ಇಟ್ಟು ಮಲಗಿದ ಮನಶ್ಯಾ, ಅವನ ಬೆನ್ನ ಹಿಂದಿಂದ ಎದ್ದು ಬರೂ ಗೂಗಿ, ಬಾವಲಿ, ಕೆಳಗ ಕಣ್ಣು ತಕ್ಕೊಂಡು ಕುಂತ ಕಾಡಬೆಕ್ಕು, ಅದೇ ಚಿತ್ರ. ವಿಜಯಪುರದಾಗ ಕುಂತು ಮುಂಜಾನೆ ಎದ್ದು ಕನ್ನಡ ಪೇಪರದಾಗ ಅದನ್ನ ನೋಡೂದು ಅಂದ್ರ ನನ್ನಂಥವಗ ಸಣ್ಣ ಮಾತಲ್ಲ, ಅದಕ್ಕ ಮದಲ ನಿಮಗ ಮನಸಾರೆ ಥ್ಯಾಂಕ್ಸ್. ಆದ್ರ ಚಿತ್ರದ ಕೆಳಗ 'ಗೋಯಾನ ಪ್ರಸಿದ್ಧ ಪೇಂಟಿಂಗಿನ ಕಪ್ಪು ಬಿಳುಪು ನಕಲು' ಅಂತ ಬರದೀರಿ, ಅಲ್ಲಿ ನನ್ನ ಜೀವಕ್ಕ ತಡೀಲಿಲ್ಲ. ಅದು ಪೇಂಟಿಂಗ್ ಅಲ್ಲರಿ, ನಕಲೂ ಅಲ್ಲ. ಅದು ತಾಮ್ರದ ಪ್ಲೇಟಿನಿಂದ ಒತ್ತಿ ತಗದ ಎಚಿಂಗ್. ಪೆನ್ನಿನಿಂದ ಗೀಚಿದ ಕಚ್ಚಾ ಚಿತ್ರ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂದಾಗ ಅವ ಖರೆ, ಆದ್ರ ಇದರ ಬಣ್ಣದ 'ಮೂಲ ಚಿತ್ರ' ಅಂತ ಜಗತ್ತಿನ್ಯಾಗ ಎಲ್ಲೂ ಇಲ್ಲ, ಪ್ಲೇಟಿನಿಂದ ಎದ್ದು ಬಂದ ಆ ಕಾಗದನ ಮೂಲ, ಹಂಥಾ ಮೂಲ ನೂರಾರು ಅವ.

ಒಂದು ಸಾಲು ತಿದ್ದಲಿಕ್ಕೆ ಇಷ್ಟುದ್ದ ಪತ್ರ ಯಾಕ ಅಂತ ನಿಮಗ ಅನ್ನಿಸಬಹುದು. ನಾನು ಈ ಜಿಲ್ಲೆದಾಗ 31 ವರ್ಷ ಸರಕಾರಿ ಹೈಸ್ಕೂಲಿನ್ಯಾಗ ಚಿತ್ರಕಲಾ ಮಾಸ್ತರಿಕಿ ಮಾಡೀನಿ, ಈಗ ರಿಟೈರ್ ಆಗಿ ಮನ್ಯಾಗ ಇದೀನಿ. ನನ್ನ ಹತ್ರ ಗೋಯಾನ ಮೂರು ಎಚಿಂಗ್ ಅವ. ಈ ಮಾತು ಯಾರಿಗರ ಹೇಳಿದ್ರ ಎರಡೇ ಥರದ ಉತ್ತರ ಬರ್ತಾವ, ಒಂದು 'ಅಯ್ಯ ಪ್ರಿಂಟ್ ಏನ್ರಿ, ಒರಿಜಿನಲ್ ಅಲ್ಲಾ ಹಂಗಾದ್ರ', ಇನ್ನೊಂದು 'ಒರಿಜಿನಲ್ ಆಗಿದ್ರ ಕೋಟ್ಯಂತರ ಆಗ್ತಿತ್ತಲ್ರಿ, ನಿಮಗೆಲ್ಲಿಂದ ಬರಬೇಕು'. ಎರಡೂ ತಪ್ಪು. ಎರಡೂ ತಪ್ಪು ಆ 'ನಕಲು' ಅನ್ನೂ ಒಂದು ಶಬ್ದದಿಂದ ಹುಟ್ಯಾವ. ಈ ಶಬ್ದದ ಸಲುವಾಗಿನ ನಮ್ಮ ಕಡಿ ಜನ ಎಚಿಂಗ್ ಕಡಿ ಹೊಳ್ಳಿ ನೋಡೂದಿಲ್ಲ, ಚಿತ್ರ ಅಂದ್ರ ಎಣ್ಣಿ ಬಣ್ಣ, ಅದು ಶ್ರೀಮಂತರ ಮನಿ ಗ್ವಾಡಿಗೆ ಅಂತ ಬಿಟ್ಟಬಿಟ್ಟಾರ. ಗೋಯಾ ಮಾತ್ರ ಇವನ್ನ ಮಾಡಿದ್ದ ಸಾದಾ ಮಂದಿ ಅಂಗಡಿಗೆ ಹೋಗಿ ಕೊಂಡ್ಕೊಂಡು ಬರ್ಲಿ ಅಂತ.

ಅಂಗಡಿ ಅಂದ್ನಲ್ಲ, ಅದು ಖರೇನ ಅಂಗಡಿ. 1799ರ ಫೆಬ್ರುವರಿ 6ಕ್ಕ ಮ್ಯಾಡ್ರಿಡ್‌ನ ಪೇಪರದಾಗ ಒಂದು ಜಾಹೀರಾತು ಬಂತು, 80 ಚಿತ್ರದ ಒಂದು ಸೆಟ್ಟು, ನೀವು ಹಾಕಿದ ಚಿತ್ರನೂ ಇದರಾಗಿನದ, ಹೆಸರು 'ಲಾಸ್ ಕಪ್ರಿಚೋಸ್', ಅಂದ್ರ ಮನಸಿಗೆ ಬಂದಾಂಗ ತಗದ ಚಿತ್ರ ಅಂತ ಅನ್ನಬಹುದು, ಬೆಲೆ 320 ರಿಯಾಲ್, ಸಿಗೂ ಜಾಗ ಕಾಲ್ಯೆ ದೆಲ್ ದೆಸೆಂಗಾನ್ಯೊ ಅನ್ನೂ ಓಣ್ಯಾಗ ಅತ್ತರು ಮತ್ತ ಮದ್ಯ ಮಾರೂ ಒಂದು ದುಕಾನ. ಆ ಓಣಿ ಹೆಸರಿನ ಅರ್ಥ ಭ್ರಮೆ ಹರಿಯೂದು ಅಂತ. ಒಂದು ಚಿತ್ರಕ್ಕ 4 ರಿಯಾಲ್ ಬಿತ್ತು ಲೆಕ್ಕ. ಸೆಟ್ಟು ಸುಮಾರು 300 ಒತ್ತಿಸಿದ್ದ, ಮಾರಿ ಹೋಗಿದ್ದು 27, ಅದೂ ಅವನ ಬಾಯಿಂದನ ಬಂದ ಲೆಕ್ಕ. ಚಿತ್ರದಾಗ ಪಾದ್ರಿ, ವೈದ್ಯ, ದೊಡ್ಡ ಮನೆತನದವರು, ಹುಡುಗ್ಯಾರ್ನ ಮುದುಕರಿಗೆ ಕಟ್ಟೂ ತಾಯಂದಿರು ಎಲ್ಲಾರನ್ನೂ ಬಯಲಿಗೆ ಎಳದಿದ್ದ, ಹಂಗಾಗಿ ಸ್ವಲ್ಪ ದಿವಸದಾಗನ ಮಾರೂದು ನಿಲ್ಲಿಸಬೇಕಾತು. 1803ರಾಗ 80 ತಾಮ್ರದ ಪ್ಲೇಟು, ಜೋಡಿ ಮಾರದೆ ಉಳದ 240 ಸೆಟ್ಟು ಎಲ್ಲಾ ರಾಜಾ 4ನೇ ಕಾರ್ಲೋಸ್‌ಗ ಒಪ್ಪಿಸಿ ಅದರ ಬದಲಿಗೆ ಮಗ ಹಾವಿಯೆರ್ ಹೆಸರಿಗೆ ಒಂದು ಪೆನ್ಷನ್ ಮಾಡಿಸಿಕೊಂಡ. ಒಬ್ಬ ತಂದಿ ಇದಕ್ಕಿಂತ ಹೆಚ್ಚು ಏನು ಮಾಡಬೇಕ್ರಿ. ಆದ್ರ ಆ ದಿವಸ ಪ್ಲೇಟು ರಾಜನ ವಶಕ್ಕ ಹೋಗಿದ್ದಕ್ಕನ ಅವು ಕರಗಿಸಿ ಪಾತ್ರೆ ಆಗಲಿಲ್ಲ, ಇವತ್ತಿಗೂ ಮ್ಯಾಡ್ರಿಡ್‌ನ ಸಾನ್ ಫೆರ್ನಾಂದೊ ಕಲಾ ಅಕಾಡೆಮಿಯ ಕಾಲ್ಕೊಗ್ರಾಫಿಯಾ ಅನ್ನೂ ತಾಮ್ರದಚ್ಚಿನ ವಿಭಾಗದಾಗ ಜ್ವಾಕಿ ಆಗಿ ಅವ. ಅದೇ ಪ್ಲೇಟಿನಿಂದ 1855, 1868 ಹಿಂಗ ಮುಂದ 1937ರ ತನಕ, 1799ರದ್ದೂ ಹಿಡದು, ಒಟ್ಟು 12 ಆವೃತ್ತಿ ತಗದ್ರು. ನನ್ನಂಥ ಪೆನ್ಷನ್ ಮನಶ್ಯಾಗ ಒಂದು ಹಾಳಿ ಸಿಕ್ಕದ್ದು ಈ ಕೊನಿ ಕೊನಿ ಆವೃತ್ತಿ ಇರೂದ್ರಿಂದ. 1799ರ ಸೆಟ್ಟು ದೊಡ್ಡ ದೊಡ್ಡ ಮ್ಯೂಸಿಯಂದವರ ಮಾತು, ಅದು ನಮ್ಮ ಕೈಗೆ ಎಟಕೂದಿಲ್ಲ, ಎಟಕಬೇಕು ಅಂತನೂ ಇಲ್ಲ.

ನಾನು ಮದಲ ಸಲ ತಂದದ್ದು ಖೊಟ್ಟಿ. ಅದನ್ನೂ ಹೇಳಬೇಕು, ಇನ್ನೊಬ್ಬರು ಹಂಗ ಮೋಸ ಹೋಗಬಾರದು. ರಿಟೈರ್ ಆದ ವರ್ಷ ಮುಂಬೈಗೆ ಹೋದಾಗ ಹಳೇ ಸಾಮಾನಿನ ಒಂದು ಅಂಗಡ್ಯಾಗ ಗಾಜಿನ ಫ್ರೇಮಿನ್ಯಾಗ ಗೋಯಾ ಇತ್ತು, ಕೆಳಗ ಪೆನ್ಸಿಲ್ಲಿನಿಂದ ಸಹಿ, ಮಗ್ಗಲಕ್ಕ 12/100 ಅಂತ ನಂಬರು, ಅಂಗಡಿಯವ ಸರ್ಟಿಫಿಕೇಟ್ ಬ್ಯಾರೆ ಕೊಟ್ಟ. ನಾನು ಇಡೀ ಹಾದಿ ರೈಲಿನ್ಯಾಗ ಅದನ್ನ ತೊಡಿ ಮ್ಯಾಲ ಇಟ್ಕೊಂಡು ಬಂದೆ. ಊರಿಗೆ ಬಂದು ನಮ್ಮ ಓಣ್ಯಾಗಿನ ಪತ್ತಾರ್ರಿಗೆ ತೋರಿಸಿದೆ, ಅವರು ನನ್ನ ವಾರಗಿಯವರು, ಬಂಗಾರದ ಕೆಲಸದಾಗ 40 ವರ್ಷ ಕಣ್ಣು ಸವಸ್ಯಾರ. ಅವರು ಕಣ್ಣಿಗೆ ಭೂತಗನ್ನಡಿ ಹಚ್ಚಿ ಎರಡು ನಿಮಿಷ ನೋಡಿ, ಏನೂ ಮಾತಾಡಲಿಲ್ಲ, ಕನ್ನಡಿ ನನ್ನ ಕೈಗೆ ಕೊಟ್ರು. 'ಮಾಸ್ತರ, ನೀವ ನೋಡ್ರಿ, ಗೆರಿ ಅನ್ನೂದ ಇಲ್ಲ, ಬರೇ ಚುಕ್ಕಿ ಅವ' ಅಂದ್ರು. ನೋಡಿದೆ. ಪೇಪರದಾಗಿನ ಫೋಟೊ ಹಂಗ, ಒಂದೇ ಅಳತಿದ ಚುಕ್ಕಿ, ಸಾಲಾಗಿ, ಜ್ವಾಳ ಬಿತ್ತಿದ ಹೊಲದಾಂಗ. ಆಮ್ಯಾಲ ತಿಳೀತು, ಗೋಯಾನ ಕಾಲಕ್ಕ ಪ್ರಿಂಟಿನ ಮ್ಯಾಲ ಪೆನ್ಸಿಲ್ ಸಹಿ ಮಾಡೂ ಪದ್ಧತಿನ ಇರಲಿಲ್ಲ, 12/100 ಅಂತ ನಂಬರ್ ಬರಿಯೂದೂ ಇರಲಿಲ್ಲ, ಅವೆಲ್ಲಾ ಅವ ಸತ್ತು ಭಾಳ ವರ್ಷದ ಮ್ಯಾಲ ಬಂದ ರೂಢಿ. ಅಂದ್ರ ಯಾರರ ನಿಮಗ 'ಗೋಯಾನ ಸಹಿ ಇದ್ದ, ನಂಬರ್ ಇದ್ದ ಎಚಿಂಗ್' ತೋರಿಸಿದ್ರ ಅಲ್ಲಿಂದ ಎದ್ದು ಬರ್ರಿ, ಮಾತು ಬೆಳಸಬ್ಯಾಡ್ರಿ.

ಪತ್ತಾರ್ರು ಅವತ್ತು ನನಗ ಕಲಿಸಿದ್ದು ಯಾವ ಪುಸ್ತಕದಾಗೂ ಅಷ್ಟು ಸರಳ ಇರಲಿಲ್ಲ. ಅವರಿಗೆ ಎಚಿಂಗ್ ಹ್ಯಾಂಗ ಮಾಡ್ತಾರ ಅಂತ ನಾನು ಹೇಳಲಿಕ್ಕೆ ಹೋದ್ರ ಅವರ ಅರ್ಧಾ ಮುಂದ ಹೇಳಿಬಿಟ್ರು, ಯಾಕಂದ್ರ ತಾಮ್ರ, ಮೇಣ, ರಾಳ, ತೇಜಾಬು ಎಲ್ಲಾ ಅವರ ಕೈಯಾಗಿನ ಸಾಮಾನ. ನುಣ್ಣಗ ತಿಕ್ಕಿದ ತಾಮ್ರದ ತಗಡು ಬೆಚ್ಚಗ ಮಾಡಿ ಮ್ಯಾಲ ತೆಳ್ಳಗ ಮೇಣ ಸವರ್ತಾರ, ಸೂಜಿಯಿಂದ ಆ ಮೇಣದ ಮ್ಯಾಲ ಚಿತ್ರ ಗೀರ್ತಾರ, ತಾಮ್ರ ಕೊರಿಯೂದಿಲ್ಲ, ಮೇಣ ಅಷ್ಟೇ ಸರಸ್ತಾರ. ಆಮ್ಯಾಲ ತೇಜಾಬಿನ್ಯಾಗ ಮುಳಗಿಸಿದ್ರ ಎಲ್ಲಿ ಮೇಣ ಹೋಗ್ಯಾದೊ ಅಲ್ಲಿ ತಾಮ್ರ ತಿನ್ತದ. ಸ್ವಲ್ಪ ಹೊತ್ತು ಬಿಟ್ರ ಕೂದಲಿನಂಥ ಗೆರಿ, ಭಾಳ ಹೊತ್ತು ಬಿಟ್ರ ಆಳದ ಕರೇ ಗೆರಿ. ಮೇಣ ತಗದು ಮಸಿ ತುಂಬಿ, ಮ್ಯಾಲಿನ ಮಸಿ ಅರಬಿಯಿಂದ ಒರಿಸಿ, ಕೊನಿಗೆ ಅಂಗೈಲೆ ಒರಿಸಿ, ಹಸಿ ಕಾಗದ ಇಟ್ಟು ಎರಡು ರೋಲರ್ ನಡಕ ಹಾಯಿಸಿದ್ರ ಕಾಗದ ಗೀರಿನೊಳಗ ಇಳದು ಮಸಿ ಎತ್ಕೊಂಡು ಬರ್ತದ. ಅದಕ್ಕ ಖರೇ ಎಚಿಂಗಿನ್ಯಾಗ ಗೆರಿ ಕಾಗದದ ಮ್ಯಾಲ ಎದ್ದು ನಿಂತಿರ್ತದ. 'ಖೊಟ್ಟಿದ್ರಾಗ ಮಸಿ ಮಲಗಿರ್ತದ, ಖರೇದ್ರಾಗ ಎದ್ದಿರ್ತದ' ಅಂತ ಪತ್ತಾರ್ರು ಅಂದ ಮಾತು ನಾನು ಇವತ್ತಿಗೂ ಹುಡುಗ್ರಿಗೆ ಹಂಗ ಹೇಳ್ತೀನಿ.

ಗೋಯಾ ಇದಕ್ಕ ಅಕ್ವಾಟಿಂಟ್ ಅನ್ನೂದನ್ನ ಕೂಡಿಸಿದ. ಪ್ಲೇಟಿನ ಮ್ಯಾಲ ರಾಳದ ಪುಡಿ ಉದುರಿಸಿ ಕೆಳಗಿಂದ ಕಾಸಿದ್ರ ಒಂದೊಂದು ಕಣ ಅಲ್ಲಲ್ಲೇ ಅಂಟ್ತದ, ತೇಜಾಬು ಆ ಕಣಗಳ ನಡಕಿನ ಜಾಗ ತಿನ್ತದ, ಒತ್ತಿದಾಗ ಗೆರಿ ಇಲ್ಲದ ಬೂದಿ ಬಣ್ಣ, ಕತ್ತಲ ಬಣ್ಣ ಬರ್ತದ. ಅವನ ಚಿತ್ರದಾಗ ರಾತ್ರಿ ಅಷ್ಟು ಗಟ್ಟಿ ಇರೂದು ಇದರಿಂದ. ಮುಖ್ಯ ಏನಂದ್ರ ಅಕ್ವಾಟಿಂಟ್ ಭಾಳ ಆಳ ಇರೂದಿಲ್ಲ, ನೂರಾರು ಸಲ ಒತ್ತಿ ಒರಿಸಿದ್ರ ಸವದು ಹೋಗ್ತದ. ಅದಕ್ಕ ಮದಲ ಆವೃತ್ತಿದಾಗ ಕೆಂಚು ಮಸಿಯ ಆ ಮೆತ್ತನ ಕತ್ತಲ ಏನದ ಅದು ಕೊನಿ ಆವೃತ್ತಿದಾಗ ಸಿಗೂದಿಲ್ಲ, ಹಿನ್ನೆಲೆ ತೆಳ್ಳಗ ಆಗಿರ್ತದ, ಗೆರಿ ಮಾತ್ರ ಗಟ್ಟಿ ಉಳದಿರ್ತಾವ. ಕೊಂಡ್ಕೊಳ್ಳೂ ಮದಲ ಪ್ರಾಡೊದವರು ವೆಬ್‌ಸೈಟಿಗೆ ಹಾಕಿದ ಚಿತ್ರ ದೊಡ್ಡದು ಮಾಡಿ ಮಗ್ಗಲಕ್ಕ ಇಟ್ಟು ನೋಡ್ರಿ, ಎಷ್ಟು ಸವದದ ಅಂತ ಕಣ್ಣಿಗೆ ತಿಳೀತದ. ಟೊಮಾಸ್ ಹ್ಯಾರಿಸ್ ಅನ್ನವರು 1964ರಾಗ ಗೋಯಾನ ಒಟ್ಟೂ ಪ್ರಿಂಟುಗಳ ಕ್ಯಾಟಲಾಗ್ ಮಾಡ್ಯಾರ, ಮಾರಾಟಗಾರರು ಅದರ ನಂಬರ್ ಕೊಡ್ತಾರ, ಯಾವ ಆವೃತ್ತಿ, ಕಾಗದ ಎಂಥಾದು, ವಾಟರ್‌ಮಾರ್ಕ್ ಅದನೊ ಇಲ್ಲೊ ಎಲ್ಲಾ ಕೇಳ್ರಿ, ಕೇಳಿದ್ದಕ್ಕ ನೆಟ್ಟಗ ಉತ್ತರ ಕೊಡದವರ ಹತ್ರ ರೊಕ್ಕ ಹಾಕಬ್ಯಾಡ್ರಿ.

ನನ್ನ ಖರೇ ಎಚಿಂಗ್ ಬಂದದ್ದು ಇದಾಗಿ ನಾಕು ವರ್ಷಕ್ಕ. ಪುಣೆದಾಗ ಇರೂ ನಮ್ಮ ತಂಗಿ ಮಗ ಯುರೋಪಿನ ಒಂದು ಲಿಲಾವಿನ್ಯಾಗ ಆನ್‌ಲೈನ್ ಬಿಡ್ ಮಾಡಿ ತಗದುಕೊಟ್ಟ, ಎರಡೂವರೆ ತಿಂಗಳ ಪೆನ್ಷನ್ ಹೋತು, ಕಸ್ಟಮ್ಸ್ ಬ್ಯಾರೆ. ಕಪ್ರಿಚೋಸ್ ಸೆಟ್ಟಿನ 42ನೇ ಚಿತ್ರ, 1918ರಿಂದ 28ರ ನಡಕ ಒತ್ತಿದ 10ನೇ ಆವೃತ್ತಿದ್ದು. ಮ್ಯಾಲ ಬಲಗಡಿ ಮೂಲ್ಯಾಗ 42 ಅಂತ ಸಣ್ಣ ಅಂಕಿ, ಕೆಳಗ 'ತು ಕೆ ನೊ ಪ್ವೆದೆಸ್' ಅಂತ ಹೆಸರು, ಅಂದ್ರ 'ಆಗದಿದ್ದಾಂವ ನೀನು'. ಅದು ಅವರ ಕಡಿ ಒಂದು ಗಾದಿಯ ಅರ್ಧಾ, ಪೂರ್ತಿ ಹಿಂಗ ಅದ, 'ನಿನಗ ಆಗೂದಿಲ್ಲಲ್ಲ, ನೀನ ನನ್ನ ಹೊತ್ಕೊ'. ಚಿತ್ರದಾಗ ಇಬ್ಬರು ಬಡವರು, ಒಬ್ಬೊಬ್ಬರ ಬೆನ್ನ ಮ್ಯಾಲ ಒಂದೊಂದು ಕತ್ತೆ. ಕತ್ತೆ ಮನಶ್ಯಾನ್ನ ಹೊತ್ತಿಲ್ಲ, ಮನಶ್ಯಾ ಕತ್ತೆ ಹೊತ್ತಾನ. ಕತ್ತೆಗಳ ಮಾರಿ ನೋಡಿದ್ರ ಹೊರಸ್ಕೊಳ್ಳೂದು ತಮ್ಮ ಹಕ್ಕು ಅನ್ನೂ ಹಂಗ ಅವ.

ಪಾರ್ಸಲ್ ಬಂದ ದಿವಸ ಮುಂಜಾನೆ ಮೂಡಣ ಕಿಡಕಿ ಹತ್ರ ಕುಂತು ಬಿಚ್ಚಿದೆ. ಚಿತ್ರ ಅಂದ್ರ ಒಂದು ಗೇಣು ಉದ್ದ ಅಷ್ಟೇ ಅದ, ಇಷ್ಟು ಸಣ್ಣದಾ ಅಂತ ಮದಲ ಅನ್ನಿಸ್ತು. ಸೊಟ್ಟ ಬಿಸಲಿಗೆ ಹಾಳಿ ಸ್ವಲ್ಪ ವಾರಿ ಹಿಡದ್ರ ಚಿತ್ರದ ಸುತ್ತ ಒಂದು ತಗ್ಗು ಕಾಣ್ತು, ನಾಕೂ ಕಡಿ, ತಾಮ್ರದ ಪ್ಲೇಟು ಕಾಗದ ಒತ್ತಿದ ಗುರ್ತು. ಮ್ಯಾಡ್ರಿಡ್‌ನ್ಯಾಗ ಗೋಯಾನ ಕೈ ತಿರುವ್ಯಾಡಿದ ಅದೇ ತಗಡಿನ ಅಂಚು ಇಲ್ಲಿ ನಮ್ಮ ಮನಿ ಬಿಸಲಿನ್ಯಾಗ ನೆರಳು ಬೀಳಸ್ತಿತ್ತು. ಹಾಳಿ ಹಿಂದ ಹೊಳ್ಳಿಸಿ ನೋಡಿದೆ, ಆ ಮನಶ್ಯಾನ ಮೊಣಕಾಲಿನ ಗೆರಿ ಹಿಂದಿಂದನೂ ಕಾಣ್ತಾವ, ಕಾಗದ ಅಷ್ಟು ಒಳಗ ಹೋಗಿ ಬಂದದ. ನಮ್ಮ ಮನಿಯವರು ರೊಟ್ಟಿ ಬಡಿಯೂದು ಬಿಟ್ಟು ಬಂದು, ಹಿಟ್ಟಿನ ಕೈ ಹಿಂದ ಕಟ್ಕೊಂಡು, ಬಗ್ಗಿ ನೋಡಿದ್ರು. ಭಾಳ ಹೊತ್ತು ನೋಡಿ 'ಇವನ ಕಾಲು ನೋಡ್ರಿ, ಇನ್ನೊಂದು ಹೆಜ್ಜಿ ಇಟ್ರ ಕುಸೀತಾನ' ಅಂದ್ರು. ಚಿತ್ರಕಲಾ ಅವರಿಗೆ ಯಾರೂ ಕಲಿಸಿಲ್ಲ. ನಾನು 31 ವರ್ಷ ಪಾಠ ಮಾಡಿದ್ರೂ ಅಷ್ಟು ನೆಟ್ಟಗ ಒಂದು ಮಾತು ಹೇಳಿದ ಹುಡುಗ್ರು ಕಡಿಮಿ.

ಆ ಸೆಟ್ಟಿನ್ಯಾಗ 37ರಿಂದ 42ರ ತನಕ ಆರೂ ಕತ್ತೆ ಚಿತ್ರ. ಒಂದ್ರಾಗ ಕತ್ತೆ ವೈದ್ಯ ರೋಗಿ ಕೈ ನಾಡಿ ಹಿಡದದ, ಹೆಸರು 'ಯಾವ ಬ್ಯಾನಿಯಿಂದ ಸಾಯ್ತಾನು'. ಒಂದ್ರಾಗ ಕತ್ತೆ ತನ್ನ ವಂಶದ ಪುಸ್ತಕ ತಗದು ಕುಂತದ, ಪುಟದ ತುಂಬ ಕತ್ತೆಗಳ ಸಾಲು, ಹೆಸರು 'ಅಜ್ಜನ ತನಕ'. 37ನೇದು ನನ್ನ ಹತ್ರ ಇರೂ ಎರಡನೇ ಹಾಳಿ, ಕತ್ತೆ ಮಾಸ್ತರ ಮರಿ ಕತ್ತೆಗೆ ಅಕ್ಷರ ಕಲಸ್ತದ, ತೆರದ ಪುಸ್ತಕದಾಗ ಬರೇ 'ಎ' ಅದ. 'ಶಿಷ್ಯಾಗ ಹೆಚ್ಚು ತಿಳದೀತೇನು' ಅಂತ ಕೆಳಗ ಕೇಳ್ಯಾನ. ಇದನ್ನ ನಾನು ಆರಿಸಿ ತಗೊಂಡೆ, ಯಾಕಂದ್ರ ಕಲಿಸೂ ಕೆಲಸದ ಮ್ಯಾಲ ಇಷ್ಟು ಖಡಕ್ ಪ್ರಶ್ನೆ ಕೇಳಿದವರು ಇಲ್ಲ, ಒಬ್ಬ ಮಾಸ್ತರನ ಮನ್ಯಾಗ ಅದು ದಿನಾ ಕಣ್ಣಿಗೆ ಬೀಳಬೇಕು.

ಮೂರನೇ ಹಾಳಿ ಬಗ್ಗೆ ಬರಿಯೂದು ನನಗ ಕಷ್ಟ ಆಗ್ತದ ಆದ್ರೂ ಬರೀತೀನಿ, ಯಾಕಂದ್ರ ಅದು ನಮ್ಮ ವಿಜಯಪುರದವರಿಗೆ ತಿಳದಷ್ಟು ಬ್ಯಾರೆಯವರಿಗೆ ತಿಳಿಯೂದಿಲ್ಲ ಅಂತ ನನ್ನ ನಂಬಿಕಿ. 1808ರಾಗ ನೆಪೋಲಿಯನ್ ಸೈನ್ಯ ಸ್ಪೇನ್ ಒಳಗ ಹೊಕ್ಕಾಗ ಗೋಯಾಗ 62 ವರ್ಷ, 1792-93ರ ದೊಡ್ಡ ಬ್ಯಾನಿದಾಗ ಕಿವಿ ಪೂರಾ ಹೋಗಿತ್ತು. ಕಿವುಡ ಮುದುಕ ಕಣ್ಣಿಲೆ ಎಲ್ಲಾ ನೋಡಿದ. 1810ರಿಂದ ಸುಮಾರು ಹತ್ತು ವರ್ಷ ಯುದ್ಧದ ಚಿತ್ರ ಪ್ಲೇಟಿನ ಮ್ಯಾಲ ತಗೀತಾ ಹೋದ, ತಾಮ್ರ ಸಿಗದಿದ್ದಾಗ ತಾನ ಮದಲ ಮಾಡಿದ್ದ ಎರಡು ದೊಡ್ಡ ನಿಸರ್ಗ ಚಿತ್ರದ ಪ್ಲೇಟು ಕಡದು ಅವುಗಳ ಹಿಂದಿನ ಮೈ ಮ್ಯಾಲ ಗೀರಿದ. ಒಂದು ಚಿತ್ರದ ಕೆಳಗ ಬರೇ 'ಯೊ ಲೊ ವಿ' ಅಂತ ಬರದಾನ, 'ನಾನು ನೋಡೀನಿ' ಅಂತ. ಇವನ್ನ ತಾನು ಇರೂ ತನಕ ಹೊರಗ ಬಿಡಲಿಲ್ಲ, 1828ರಾಗ ಫ್ರಾನ್ಸಿನ ಬೋರ್ಡೊದಾಗ ಸತ್ತ, ಆಮ್ಯಾಲ 35 ವರ್ಷಕ್ಕ, 1863ರಾಗ, ಅಕಾಡೆಮಿಯವರು 80 ಚಿತ್ರ 'ಯುದ್ಧದ ಅನಾಹುತಗಳು' ಅಂತ ಹೆಸರಿಟ್ಟು ತಗದ್ರು. 1937ರ ತನಕ ಏಳು ಆವೃತ್ತಿ ಆದ್ವು, ಏಳನೇದು ಒತ್ತೂ ಹೊತ್ತಿಗೆ ಸ್ಪೇನಿನ ಅಂತರ್ಯುದ್ಧದಾಗ ಮ್ಯಾಡ್ರಿಡ್ ಮ್ಯಾಲ ಮತ್ತ ಗುಂಡು ಬೀಳ್ತಿದ್ವು.

ಇದರಾಗ 48ರಿಂದ 64ರ ತನಕದ ಚಿತ್ರ ಯುದ್ಧದ್ದಲ್ಲ, ಬರಗಾಲದ್ದು. 1811-12ರಾಗ ಮ್ಯಾಡ್ರಿಡ್‌ನ್ಯಾಗ ಕಾಳು ಸಿಗದೆ ಸುಮಾರು 20,000 ಮಂದಿ ಸತ್ರು. ನನ್ನ ಹಾಳಿ 51ನೇದು, 1906ರ ಆವೃತ್ತಿ. ಹೆಸರು 'ಗ್ರಾಸಿಯಾಸ್ ಅ ಲಾ ಅಲ್ಮೊರ್ತಾ', ಅಲ್ಮೊರ್ತಾದ ಪುಣ್ಯ ಅಂತ. ಅಲ್ಮೊರ್ತಾ ಅಂದ್ರ ಏನಂತ ಹುಡುಕಿ ತಿಳಕೊಂಡಾಗ ನನಗ ಮೈ ಜುಮ್ ಅಂತು. ಅದು ನಮ್ಮ ಕೇಸರಿ ಬ್ಯಾಳಿ ರಿ. ತೊಗರಿ ಬ್ಯಾಳ್ಯಾಗ ಕಲಬೆರಕಿ ಮಾಡ್ತಾರಂತ ನಾವು ಬೈತೀವಲ್ಲ ಅದೇ, ತಿಂಗಳಗಟ್ಟಲೆ ಬರೇ ಅದನ್ನ ತಿಂದ್ರ ಕಾಲು ಸೋತು ನಡಿಯಲಿಕ್ಕೆ ಬರಲಾರದಂಗ ಆಗ್ತದ, ನಮ್ಮ ದೇಶದಾಗ 1961ರಾಗ ಅದರ ಮಾರಾಟಕ್ಕ ಬಂದಿ ಹಾಕಿದ್ರು. ಮಳಿ ಹೋದ್ರೂ ಆ ಬೆಳಿ ಬರ್ತದ, ಅದಕ್ಕ ಬರದಾಗ ಬಡವರ ಪಾಲಿಗೆ ಅದೊಂದ ಉಳಿಯೂದು. ಚಿತ್ರದಾಗ ಬತ್ತಿ ಹೋದ ಮಂದಿ ಗುಂಪಾಗಿ ಬಗ್ಗಿ ಆ ಹಿಟ್ಟಿನ ಅಂಬಲಿಗೆ ಕೈ ಒಡ್ಯಾರ, ಮುಂದ ಒಬ್ಬಾಕಿ ನೆಲಕ್ಕ ಬಿದ್ದಾಳ, ಎದ್ದು ಕೂಡೂ ಶಕ್ತಿ ಆಕಿಗಿಲ್ಲ. ಬದುಕಿಸಿದ ಕಾಳನ ಕಾಲು ತಗೊಂಡದ. 'ಪುಣ್ಯ' ಅಂತ ಅವ ಬರದ ಒಂದು ಶಬ್ದದಾಗ ಅದೆಲ್ಲಾ ಅದ.

ನಮ್ಮ ಕಡಿ 1791-92ರಾಗ ಡೋಗಿ ಬರ ಬಿದ್ದಿತ್ತು, ಹೂಳವರು ಉಳೀಲಾರದ ತಲಿಬುರುಡಿ ಬಯಲಾಗ ಬಿದ್ದಿದ್ದಕ್ಕ ಆ ಹೆಸರು. ಆಮ್ಯಾಲ 1876-78ರ ಬರ, ಆಗ ಇದಕ್ಕ ಕಲಾದಗಿ ಜಿಲ್ಲಾ ಅಂತಿದ್ರು. ನಮ್ಮಜ್ಜಿ ತನ್ನ ಅಜ್ಜಿಯಿಂದ ಕೇಳಿದ್ದು ನನಗ ಹೇಳ್ತಿದ್ಲು, ಊರಿಗೆ ಊರ ಗುಳೇ ಹೋದಾಗ ನಡಿಯಲಾರದವರನ್ನ ಹಾದ್ಯಾಗ ಗಿಡದ ಬುಡಕ ಕುಂಡ್ರಿಸಿ ಮುಂದ ಹೋಗಿದ್ರಂತ. ಆ ಸುದ್ದಿ ಹೇಳೂವಾಗ ಆಕಿ ರೊಟ್ಟಿ ತುಣುಕು ಕೆಳಗ ಬಿದ್ರ ಎತ್ತಿ ಕಣ್ಣಿಗೆ ಒತ್ಕೊತಿದ್ಲು. ನಮ್ಮ ಬರದ ಚಿತ್ರ ಯಾರೂ ಹಿಂಗ ತಗದಿಟ್ಟಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕ ಈ 51ನೇ ಹಾಳಿ ನೋಡಿದಾಗೆಲ್ಲಾ ನನಗ ಆ ಗಿಡದ ಬುಡಕ ಕುಂತವರ ನೆನಪು ಬರ್ತದ. ಇದನ್ನ 'ಪೇಂಟಿಂಗಿನ ನಕಲು' ಅಂತ ಹ್ಯಾಂಗ ಅನ್ನೂದು ಹೇಳ್ರಿ.

ಇಟ್ಕೊಳ್ಳೂದರ ಬಗ್ಗೆ ಎರಡು ಮಾತು, ಯಾಕಂದ್ರ ನಮ್ಮ ಊರ ಬಿಸಲು ಧೂಳಿನ್ಯಾಗ ಕಾಗದ ಉಳಸೂದು ಸಣ್ಣ ಕೆಲಸ ಅಲ್ಲ. ಗ್ವಾಡಿಗೆ ವರ್ಷವಿಡೀ ತೂಗು ಹಾಕಬ್ಯಾಡ್ರಿ, ಬೆಳಕಿಗೆ ಕಾಗದ ಹಳದಿ ಆಗ್ತದ. ಲ್ಯಾಮಿನೇಷನ್ ಮಾತ ತಗೀಬ್ಯಾಡ್ರಿ. ಇಲ್ಲಿ ಒಂದು ಫ್ರೇಮ್ ಅಂಗಡಿಗೆ ನನ್ನ 37ನೇ ಹಾಳಿ ಕೊಟ್ಟಾಗ ಕೂಡಸೂ ಅವಸರದಾಗ ಹಿಂದ ಸೆಲ್ಲೋಟೇಪ್ ಹಚ್ಚಿಬಿಟ್ಟಿದ್ರು, ಎರಡು ಬ್ಯಾಸಗಿದಾಗ ಆ ಗೋಂದು ಇಳದು ಮ್ಯಾಲಿನ ಮಾರ್ಜಿನ್ನಿಗೆ ಕಂದು ಕಲೆ ಬಿತ್ತು, ಅದು ಇನ್ನ ಹೋಗೂದಿಲ್ಲ. ಮಾರ್ಜಿನ್ ದೊಡ್ಡದಾತು ಕತ್ತರಸ್ತೀನಿ ಅಂದ್ರ ಕೈ ಹಿಡೀರಿ, ಆ ಪ್ಲೇಟಿನ ಗುರ್ತು ಕತ್ತರಿಸಿದ್ರ ಅದು ಖರೇ ಅನ್ನೂ ಸಾಕ್ಷಿನ ಹೋದಾಂಗ. ನಾನು ಈಗ ಆಸಿಡ್ ಇಲ್ಲದ ರಟ್ಟಿನ ನಡಕ ಇಟ್ಟು, ಹಳೇ ಮೆತ್ತನ ಕಾಟನ್ ಧೋತ್ರ ಸುತ್ತಿ, ಕಪಾಟಿನ್ಯಾಗ ಅಡ್ಡ ಮಲಗಿಸಿ ಇಡ್ತೀನಿ, ಮಳಿಗಾಲದಾಗ ವಾರಕ್ಕೊಮ್ಮೆ ಹೊರಗ ತಗದು ಗಾಳಿ ಆಡಸ್ತೀನಿ.

ಇನ್ನೊಂದು, ಇದು ಗೋಯಾನ ಮಾತಷ್ಟೇ ಅಲ್ಲ. ನಮ್ಮ ಕಡಿ ಹಳೇ ವಾಡೆದಾಗ, ಅಂಗಡ್ಯಾಗ, ದೇವರ ಕೋಣ್ಯಾಗ ಇನ್ನೂ ರವಿವರ್ಮ ಪ್ರೆಸ್ಸಿನ ಲಕ್ಷ್ಮೀ ಸರಸ್ವತಿ ಅದಾರ. 1894ರಾಗ ಮುಂಬೈದಾಗ ಚಾಲೂ ಆಗಿ ಆಮ್ಯಾಲ ಲೋಣಾವಳಾ ಹತ್ರ ಹೋದ ಪ್ರೆಸ್ಸು ಅದು, ಅಲ್ಲಿ ಒತ್ತಿದ ಚಿತ್ರ ಕಲ್ಲಚ್ಚು, ಒಂದೊಂದು ಬಣ್ಣಕ್ಕ ಒಂದೊಂದು ಕಲ್ಲು. ಗೋಯಾನೂ ಬೋರ್ಡೊದಾಗ 79ನೇ ವಯಸಿನ್ಯಾಗ ಕಲ್ಲಚ್ಚಿನ್ಯಾಗ ಗೂಳಿ ಕಾಳಗದ ನಾಕು ದೊಡ್ಡ ಚಿತ್ರ ಮಾಡಿದ, ಕಣ್ಣು ಮಂದ ಆಗಿತ್ತು, ಭೂತಗನ್ನಡಿ ಹಿಡದು ಕಲ್ಲಿನ ಮ್ಯಾಲ ತಗದ. ಒಂದೊಂದಕ್ಕ ನೂರು ಪ್ರತಿ ಒತ್ತಿದ್ರು. ಮನಿಗೆ ಸುಣ್ಣ ಬಣ್ಣ ಮಾಡಸೂವಾಗ ಆ ಹಳೇ ಲಕ್ಷ್ಮೀ ಫೋಟೊ ಕಟ್ಟಿಗಿ ಸುದ್ದಾ ಗುಜರಿಗೆ ಹಾಕೂ ಮದಲ ಒಮ್ಮೆ ಭೂತಗನ್ನಡಿ ಹಚ್ಚಿ ನೋಡ್ರಿ, ಸಾಲಿಟ್ಟ ಚುಕ್ಕಿ ಇಲ್ಲದೆ ಬಳಪದ ಥರ ಅಂಕುಡೊಂಕು ಕಣ ಕಂಡ್ರ ಅದನ್ನ ಒಗೀಬ್ಯಾಡ್ರಿ.

ನನ್ನ ಮನಿಗೆ ಚಿತ್ರಕಲಾ ಕಲಿಯೂ ಹುಡುಗ್ರು ಬರ್ತಾರ, ವಿಜಯಪುರದವರು, ಜಮಖಂಡಿ ಕಡಿಯವರು, ಒಮ್ಮೆ ಬೆಳಗಾವಿಯಿಂದ ನಾಕು ಮಂದಿ ಬಂದಿದ್ರು. ಡಿಗ್ರಿ ಮುಗಿಸಲಿಕ್ಕೆ ಬಂದವರು ಇದ್ರು, ಎಚಿಂಗ್ ಅಂದ್ರೇನು ಅಂತ ಪರೀಕ್ಷಾದಾಗ ಬರದವರು ಇದ್ರು, ಆದ್ರ ಕೈಯಾಗ ಹಿಡದು ನೋಡಿದವರು ಅವರೊಳಗ ಒಬ್ಬರೂ ಇರಲಿಲ್ಲ. ಅವರದೇನು ತಪ್ಪಿಲ್ಲ. ನೋಡಲಿಕ್ಕೆ ಎಲ್ಲಿ ಅದರಿ? ನಮ್ಮ ಗೋಲಗುಮ್ಮಟದ ಮುಂದಿನ ನಗಾರಖಾನೆದಾಗ ಮ್ಯೂಸಿಯಂ ಅದ, ಆದಿಲಶಾಹಿ ಕಾಲದ ಸಾಮಾನು ಅವ, ಅದು ನಮ್ಮ ಹೆಮ್ಮೆ, ಆದ್ರ ಪ್ರಿಂಟು ಟೇಬಲ್ ಮ್ಯಾಲ ಇಟ್ಟು ಹತ್ರದಿಂದ ತೋರಿಸೂ ಒಂದು ಖೋಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡಿ ನನಗ ಸಿಕ್ಕಿಲ್ಲ. ಚಿತ್ರಕಲಾ ಕಾಲೇಜಿಗೆ ಒಂದು ಕೈ ಪ್ರೆಸ್ಸು ಕೊಡಿಸಿದ್ರ, ಹತ್ತು ಖರೇ ಪ್ರಿಂಟು ಕೊಂಡಿಟ್ರ ಅದಕ್ಕ ಬರೂ ಖರ್ಚು ಒಂದು ಸಮಾರಂಭದ ಮಂಟಪದ ಖರ್ಚಿಗಿಂತ ಹೆಚ್ಚಾಗೂದಿಲ್ಲ. ಪ್ರಿಂಟಿನ ಗುಣನ ಹಂಗ ಅದ, ಗಾಜಿನ ಒಳಗ ದೂರ ಇಟ್ರ ಅರ್ಧಾ ಸತ್ತಾಂಗ, ಹತ್ರ ತಂದು ಬೆಳಕಿಗೆ ವಾರಿ ಹಿಡದಾಗ ಜೀವ ಬರ್ತದ.

ಸಂಪಾದಕರೆ, ನಿಮ್ಮ ಹತ್ರ ನನ್ನ ವಿನಂತಿ ಎರಡು. ಮುಂದ ಯಾವುದರ ಎಚಿಂಗ್ ಹಾಕಿದ್ರ ಕೆಳಗ ಅದು ಎಚಿಂಗ್ ಅಂತ, ಯಾವ ವರ್ಷದ್ದು, ಎಷ್ಟು ಸೆಂಟಿಮೀಟರ್ ಅಂತ ಒಂದು ಸಾಲು ಬರೀರಿ. ಅಷ್ಟರಿಂದನ ಎಷ್ಟೋ ಓದುಗರಿಗೆ ಹಾದಿ ಸಿಗ್ತದ. ಎರಡನೇದು, ಈ ಪತ್ರ ಹಾಕಿದ್ರ ಇದನ್ನೂ ಹಾಕ್ರಿ: ನನ್ನ ಮೂರೂ ಹಾಳಿ ನಾನು ಯಾವ ಸಾಲಿ, ಯಾವ ಕಾಲೇಜು ಕರದ್ರೂ ತಗೊಂಡು ಬರ್ತೀನಿ, ಮೂರೂ ಜಿಲ್ಲಾದಾಗ ಎಲ್ಲಿ ಆದ್ರೂ ಸರಿ, ಬಸ್ ಚಾರ್ಜ್ ಸುದ್ದಾ ಬ್ಯಾಡ. ನಿಮ್ಮ ಆಫೀಸಿಗೆ ಒಂದು ಕಾರ್ಡ್ ಬರದ್ರ ಸಾಕು, ನನ್ನ ವಿಳಾಸ ನಿಮ್ಮ ಹತ್ರ ಇಟ್ಟಿರ್ತೀನಿ. ಮಳಿಗಾಲ ಬಿಟ್ಟು ಕರೀರಿ. ಮುಂಜಾನೆ ಬಿಸಲು ಬರೂ ಒಂದು ಕಿಡಕಿ, ಅದರ ಮುಂದ ಒಂದು ಸ್ವಚ್ಛ ಟೇಬಲ್ ಬೇಕು. ಹುಡುಗ್ರು ಕೈ ತೊಳದು ಪೂರಾ ಒಣಗಿಸ್ಕೊಂಡು ಬರಬೇಕು, ಪೆನ್ನು ಹೊರಗ ಇಟ್ಟು ಬರಬೇಕು. ಪತ್ತಾರ್ರೂ ಬರ್ತೀನಿ ಅಂದಾರ, ಅವರ ಭೂತಗನ್ನಡಿ ತರ್ತಾರ.

ಇತಿ ನಿಮ್ಮ ಖಾಯಂ ಓದುಗ,
ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕ
ವಿಜಯಪುರ